ಪುಸ್ತಕದಲ್ಲಿ ಬಿದ್ದ ಮನೆ

"ಹದಿನೇಳನೇ ನಂಬರಿನ ಮನೆಯಲ್ಲಿ ಗಂಡ ದೇಶದ ದುಡ್ಡು ಎಣಿಸುತ್ತಾನೆ, ಹೆಂಡತಿ ಗುಂಡಿ ಹೊಲಿದು ಮನೆ ನಡೆಸುತ್ತಾಳೆ" ಎಂದು ನಮ್ಮ ಸಾಲಿನವರು ಹೇಳುತ್ತಿದ್ದರು. ಎದುರುಮನೆಯ ನರ್ಸಕ್ಕ ಈ ಮಾತಿಗೆ ಒಂದು ಬಾಲವನ್ನೂ ಅಂಟಿಸಿದ್ದಳು: "ದೇಶ ಮುಳುಗಿದರೆ ಮೊದಲು ಗೊತ್ತಾಗೋದು ಅವರಿಗೆ. ಮನೆ ಮುಳುಗಿದರೆ ಮಾತ್ರ ಯಾರಾದರೂ ಹೋಗಿ ಹೇಳಬೇಕು." ಸುಳ್ಳಾಗಿದ್ದರೆ ಜಗಳ ಕಾಯಬಹುದಿತ್ತು. ನಿಜದ ಜೊತೆ ಏನು ಜಗಳ? ಹಾಗಾಗಿ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಅಂಗಳದಲ್ಲಿ ಬಗ್ಗಿಕೊಂಡು ಸೈಕಲ್ಲು ಒರೆಸುತ್ತಿದ್ದೆ. ನಮ್ಮ ಸಾಲಿನಲ್ಲಿ ನನ್ನ ಸೈಕಲ್ಲಿನಷ್ಟು ಹೊಳೆಯುವ ಸೈಕಲ್ಲು ಇನ್ನೊಂದಿರಲಿಲ್ಲ ಎಂದರೆ, ಎಷ್ಟು ಸಲ ಅಂದಿರಬೇಕು ನೀವೇ ಲೆಕ್ಕ ಹಾಕಿ.

ನಾನು ಲೆಕ್ಕದ ಇಲಾಖೆಯವನು. ಸರಕಾರಕ್ಕೆ ಎಲ್ಲಿಂದ ಎಷ್ಟು ಬಂತು, ಎಲ್ಲಿಗೆ ಎಷ್ಟು ಹೋಯಿತು ಎಂದು ದೇಶದ ಹೆಸರಿನಲ್ಲಿ ಒಂದು ಪುಸ್ತಕ ಪ್ರತಿವರ್ಷ ಅಚ್ಚಾಗುತ್ತದಲ್ಲ, ಮೂರು ಸಂಪುಟ, ಒಂದೊಂದೂ ದಿಂಬಿನ ದಪ್ಪ, ಅದನ್ನು ಸಿದ್ಧಪಡಿಸುವ ಮುನ್ನೂರು ಜನರಲ್ಲಿ ನಾನೊಬ್ಬ. ಆ ಪುಸ್ತಕವನ್ನು ಓದಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಡಿ. ಬರೆಯುವವರು ನಾವೇ ಓದುತ್ತಿರಲಿಲ್ಲ. ನನ್ನ ಪುಟ ನಾನು ಬರೆದೆ, ಅವನ ಪುಟ ಅವನು ಬರೆದ, ಹೊಲಿಯುವವನು ಹೊಲಿದ, ಮುಗಿಯಿತು.

ಇನ್ನು ಮನೆಯ ವಿಷಯ ಹೇಳಬೇಕು, ಯಾಕೆಂದರೆ ಈ ಕಥೆಯಲ್ಲಿ ಪೆಟ್ಟು ತಿನ್ನುವುದು ಅದೇ. (ನಾನೂ ತಿನ್ನುತ್ತೇನೆ. ಆದರೆ ನನಗೆ ಅಭ್ಯಾಸವಿದೆ.) ಸರಕಾರಿ ವಸತಿ. ಎರಡು ಕೋಣೆ, ಒಂದು ಅಡಿಗೆಮನೆ, ಬೀದಿಗೆ ಮುಖ ಮಾಡಿದ ದೊಡ್ಡದೊಂದು ಸರಳಿನ ಕಿಟಕಿ. ಕಿಟಕಿಯ ಕೆಳಗೆ ನಮ್ಮಾಕೆಯ ಹೊಲಿಗೆಯ ಯಂತ್ರ. ಬೆಳಗಿನಿಂದ ಸಂಜೆಯವರೆಗೂ ಅಲ್ಲಿ ಒಂದೇ ಸಮನಾದ ಬೆಳಕು. "ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣೋದು ಊರಿಗೆಲ್ಲ ಈ ಕಿಟಕಿ ಹತ್ತಿರ ಮಾತ್ರ" ಎಂದು ಅವಳ ವಾದ. ಗಿರಾಕಿಗಳು ಬಾಗಿಲು ತಟ್ಟುವ ಗೋಜಿಗೇ ಹೋಗುತ್ತಿರಲಿಲ್ಲ. ಉದ್ದವಾದ ಪ್ಯಾಂಟು, ಹರಿದ ಜೇಬು, ಬಿಗಿಯಾದ ರವಿಕೆ, ಎಲ್ಲ ಸರಳಿನ ಸಂದಿಯಿಂದಲೇ ಒಳಗೆ ಬರುತ್ತಿದ್ದವು, ಸರಳಿನ ಸಂದಿಯಿಂದಲೇ ಸರಿಯಾಗಿ ಹೊರಗೆ ಹೋಗುತ್ತಿದ್ದವು. ಇಪ್ಪತ್ತೆರಡು ವರ್ಷ ಹೀಗೆ. ಒಂದು ಸಲ ನರ್ಸಕ್ಕನ ಹತ್ತಿರ "ಗಂಡನ್ನಾದರೂ ಬದಲಾಯಿಸಬಹುದು, ಇಂಥ ಕಿಟಕಿ ಮತ್ತೆ ಸಿಗಲ್ಲ" ಅಂದಿದ್ದಳು. ಇಬ್ಬರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ನನ್ನ ನೌಕರಿ ಇನ್ನು ಎರಡು ವರ್ಷವಿತ್ತು. ಅಲ್ಲಿಯವರೆಗೆ ಮನೆ ನಮ್ಮದು, ಆಮೇಲೆ ಬಿಡಬೇಕು. ಅವಳು ಅದನ್ನು "ಇನ್ನು ಇಪ್ಪತ್ತನಾಲ್ಕು ತಿಂಗಳು ಬೆಳಕು" ಎಂದು ಎಣಿಸುತ್ತಿದ್ದಳು.

ಹೀಗಿರುವಾಗ ಇಲಾಖೆಯಿಂದ ಒಂದು ಸುತ್ತೋಲೆ ಬಂತು. 'ಜನರಿಗೆ ಲೆಕ್ಕ' ಎಂದು ಯೋಜನೆಯ ಹೆಸರು. ದೇಶದ ಹಣಕಾಸು ಸಾಮಾನ್ಯ ಪ್ರಜೆಗೂ ಅರ್ಥವಾಗಬೇಕು. ಆದ್ದರಿಂದ ಪ್ರತಿ ನೌಕರನೂ ತನ್ನ ವಸತಿಯ ಜನರನ್ನು ಆರು ಭಾನುವಾರ ಕೂಡಿಸಿ ಪುಸ್ತಕವನ್ನು ವಿವರಿಸತಕ್ಕದ್ದು. ಆಯಾ ವಸತಿಗೆ ಸಂಬಂಧಪಟ್ಟ ಪುಟಗಳನ್ನು ವಿಶೇಷವಾಗಿ ತೋರಿಸತಕ್ಕದ್ದು. ಆರನೆಯ ಭಾನುವಾರ ಮೇಲಧಿಕಾರಿಗಳು ಖುದ್ದು ಬರುವಾಗ ಕನಿಷ್ಠ ಒಬ್ಬ ಪ್ರಜೆ ಎದ್ದುನಿಂತು ಸ್ವಯಂಪ್ರೇರಣೆಯಿಂದ ಪ್ರಶ್ನೆ ಕೇಳತಕ್ಕದ್ದು. (ಸ್ವಯಂಪ್ರೇರಣೆಯಿಂದ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಲಗತ್ತಿಸಲಾಗಿತ್ತು.)

ಮೊದಲ ಭಾನುವಾರ ನಮ್ಮ ಸಾಲಿನ ಕೊನೆಯಲ್ಲಿರುವ ಸಭಾಂಗಣದಲ್ಲಿ ನಲವತ್ತು ಕುರ್ಚಿ ಹಾಕಿಸಿದೆ. ಮೂವರು ಬಂದರು. ಒಬ್ಬಳು ನರ್ಸಕ್ಕ, ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಕಾಲು ನೋಯುತ್ತಿತ್ತೆಂದು. ಇನ್ನೊಬ್ಬ ಅಂಚೆಯಣ್ಣ, ಹೊರಗೆ ಬಿಸಿಲಿತ್ತೆಂದು. ಮೂರನೆಯವಳು ನಮ್ಮಾಕೆ, ನಾನು ಕಣ್ಣು ಬಿಟ್ಟೆನೆಂದು. ನಾನು ಗಂಟಲು ಸರಿಪಡಿಸಿಕೊಂಡು "ಮಾನ್ಯ ಪ್ರಜೆಗಳೇ" ಎಂದು ಶುರುಮಾಡಿದೆ. ಸ್ವೀಕೃತಿ, ವೆಚ್ಚ, ವಿನಿಯೋಗ, ಅನುದಾನ, ಸಂಚಿತ ನಿಧಿ! ಮೂವತ್ತು ವರ್ಷ ಕಡತದೊಳಗೆ ಮುದುಡಿ ಕೂತಿದ್ದ ಶಬ್ದಗಳೆಲ್ಲ ರೆಕ್ಕೆ ಬಿಚ್ಚಿಕೊಂಡು ಹಾರಿದವು. ಅರ್ಧ ಗಂಟೆಯಲ್ಲಿ ನರ್ಸಕ್ಕ ಗೊರಕೆ ಹೊಡೆಯುತ್ತಿದ್ದಳು. ಅಂಚೆಯಣ್ಣ ಅವಳನ್ನು ಎಬ್ಬಿಸಲು ಹೋಗಿ, ಪಾಪ ಎಂದು ಬಿಟ್ಟು, ಕೈ ಎತ್ತಿದ. ನನಗೆ ರೋಮಾಂಚನವಾಯಿತು. ಪ್ರಶ್ನೆ!

"ಸಾರ್, ಚಹಾ ಇದೆಯಾ?"

ಮನೆಗೆ ಬಂದವನೇ ಕೂಗಾಡಿದೆ. "ಈ ಜನಕ್ಕೆ ದೇಶದ ಚಿಂತೆಯೇ ಇಲ್ಲ!"

"ಜನಕ್ಕೆ ಚಿಂತೆ ಇದೆ, ನಿಮಗೆ ಮಾತು ಬರಲ್ಲ" ಅಂದಳು ನಮ್ಮಾಕೆ, ಸೂಜಿಗೆ ದಾರ ಪೋಣಿಸುತ್ತ.

"ಏನು ಬರಲ್ಲ? ಕೇಳು ನೋಡೋಣ!"

"ಕೊರತೆ ಕೊರತೆ ಅಂತ ಹತ್ತು ಸಲ ಹೇಳಿದಿರಲ್ಲ, ಹಾಗಂದ್ರೆ?"

"ಸರಕಾರದ ಒಟ್ಟು ವೆಚ್ಚವು ಸಾಲೇತರ ಸ್ವೀಕೃತಿಗಳನ್ನು ಮೀರಿದಾಗ ಉಂಟಾಗುವ ಅಂತರವನ್ನು..."

"ಬಟ್ಟೆ ಸಾಲಲಿಲ್ಲ ಅನ್ನಿ."

"ಹಾಗೆಲ್ಲ ಹೇಳೋಕಾಗಲ್ಲ ಕಣೇ."

"ಯಾಕಾಗಲ್ಲ?"

"ಅಷ್ಟು ಸುಲಭ ಅಂತ ಗೊತ್ತಾದ್ರೆ ನಮಗೆ ಸಂಬಳ ಯಾಕೆ ಕೊಡ್ತಾರೆ?"

ಅವಳು ದಾರ ಕಚ್ಚಿ ತುಂಡರಿಸಿ, "ಆ ಪುಸ್ತಕ ಇಲ್ಲಿ ಇಡಿ" ಅಂದಳು.

ಅವಳ ಕಸುಬಿನಲ್ಲಿ ಒಂದು ರೂಢಿಯಿದೆ. ಯಾರೇ ಎಂಥದೇ ಉಡುಪು ತಂದು ಕೊಡಲಿ, ಅವಳು ಹೊರಗಿನ ಅಂದ ನೋಡುವುದಿಲ್ಲ. ಮೊದಲು ಅದನ್ನು ಒಳಮೈ ಹೊರಗೆ ಮಾಡಿ ತಿರುವುತ್ತಾಳೆ. "ಮೇಲೆ ಎಲ್ಲರೂ ಚೆಂದ ಕಾಣಿಸ್ತಾರೆ, ಹೊಲಿಗೆ ಹೇಗಿದೆ ಅಂತ ಒಳಗೆ ನೋಡಬೇಕು." ಆಮೇಲೆ ಮುಂಭಾಗದ ಪಾಲನ್ನೂ ಹಿಂಭಾಗದ ಪಾಲನ್ನೂ ಪಕ್ಕಪಕ್ಕ ಹಿಡಿದು ಹೊಂದಿಸುತ್ತಾಳೆ. ಹೊಂದದ ಕಡೆ ನೀಲಿ ಸೀಮೆಸುಣ್ಣದಲ್ಲಿ ಒಂದು ಗೀಟು. ದೇಶದ ಲೆಕ್ಕವನ್ನೂ ಅವಳು ಹಾಗೇ ಓದಿದಳು. ಹಿಂದಿನಿಂದ ಮುಂದಕ್ಕೆ! ಬಂದ ದುಡ್ಡಿನ ಪುಟವನ್ನು ಎಡಗೈಯಲ್ಲಿ, ಹೋದ ದುಡ್ಡಿನ ಪುಟವನ್ನು ಬಲಗೈಯಲ್ಲಿ ಹಿಡಿದು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಮೂವತ್ತು ವರ್ಷದಲ್ಲಿ ನಮ್ಮ ಇಲಾಖೆಯಲ್ಲಿ ಯಾರೂ ಹಾಗೆ ಎರಡು ಪುಟವನ್ನು ಒಟ್ಟಿಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಅಶಿಸ್ತು ಎನಿಸಿತು.

ಎರಡನೆಯ ವಾರ ಅಂಚೆಯಣ್ಣ ಕಾಗದ ಹಾಕಲು ಬಂದಾಗ ಅವಳು ಕಿಟಕಿಯೊಳಗಿಂದಲೇ ಪಾಠ ಶುರುಮಾಡಿಬಿಟ್ಟಿದ್ದಳು.

"ನೋಡಣ್ಣ, ದೇಶಕ್ಕೆಲ್ಲ ಬಟ್ಟೆ ಹೊಲಿಯೋಕೆ ನೂರು ಮೀಟರ್ ಬೇಕು ಅಂತ ಇಟ್ಕೋ. ನಾವೆಲ್ಲ ತೆರಿಗೆ ಅಂತ ಕೊಟ್ಟದ್ದು ಎಂಬತ್ತು ಮೀಟರ್. ಉಳಿದ ಇಪ್ಪತ್ತು ಅಂಗಡಿಯಿಂದ ಕಡ ತಂದದ್ದು. ಇದೇ ಇವರ ಕೊರತೆ."

"ಓ, ಇಷ್ಟೇನಾ! ಸಾರು ಅದಕ್ಕೆ ಅರ್ಧ ಗಂಟೆ ತಗೊಂಡರು."

"ಇನ್ನೂ ಇದೆ ಕೇಳು. ಹೋದ ವರ್ಷ, ಅದರ ಹಿಂದಿನ ವರ್ಷ ತಂದ ಕಡಕ್ಕೆ ಬಡ್ಡಿ ಅಂತ ಈ ನೂರರಲ್ಲಿ ಹದಿನೆಂಟು ಮೀಟರ್ ಮೊದಲೇ ಕತ್ತರಿಸಿ ಅಂಗಡಿಯವನಿಗೆ ಕೊಡಬೇಕು."

ಅಂಚೆಯಣ್ಣ ಹೆಗಲಿನ ಚೀಲ ಕೆಳಗಿಳಿಸಿದ. "ಅಂದ್ರೆ ಆ ಹದಿನೆಂಟು ಮೀಟರು ಯಾರ ಮೈಗೂ ಬರಲ್ಲ?"

"ಯಾರ ಮೈಗೂ ಬರಲ್ಲ."

"ಛೆ" ಅಂದ ಅಂಚೆಯಣ್ಣ. ದೇಶದ ಸಾಲದ ಬಗ್ಗೆ ಒಬ್ಬ ಮನುಷ್ಯ ನಿಜವಾಗಿ 'ಛೆ' ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮ ಕಚೇರಿಯಲ್ಲಿ ಅದನ್ನು 'ಗಮನಿಸಲಾಗಿದೆ' ಎನ್ನುತ್ತೇವೆ.

ಮಾತು ಬಾಯಿಂದ ಬಾಯಿಗೆ ಹೋಯಿತು. ಮೂರನೆಯ ಭಾನುವಾರ ನಾನು ಸಭಾಂಗಣದಲ್ಲಿ ನಲವತ್ತು ಕುರ್ಚಿಗಳಿಗೆ ಉಪನ್ಯಾಸ ಮಾಡಿದೆ. ಕುರ್ಚಿಗಳು ಗಮನವಿಟ್ಟು ಕೇಳಿದವು. ಬಿಡುವಂತಿರಲಿಲ್ಲ, ಉಪನ್ಯಾಸ ನಡೆಯಿತೆಂದು ವಹಿಯಲ್ಲಿ ಬರೆಯಬೇಕಿತ್ತು. ಮನೆಗೆ ಬಂದು ನೋಡಿದರೆ ನಮ್ಮ ಅಂಗಳದಲ್ಲಿ ಇಪ್ಪತ್ತು ಜನ. ಕಿಟಕಿಯ ಕಟ್ಟೆಯ ಮೇಲೆ ಮೂರೂ ಸಂಪುಟ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತುಂಡು ನೀಲಿ ಸೀಮೆಸುಣ್ಣ.

"ನಿಮ್ಮ ಕೆಲಸಕ್ಕೆ ಸಂಬಂಧಪಟ್ಟ ಪುಟ ನೀವು ಹುಡುಕಿ" ಎನ್ನುತ್ತಿದ್ದಳು ನಮ್ಮಾಕೆ. "ಮುಂದಿನ ಪಾಲು, ಹಿಂದಿನ ಪಾಲು ಪಕ್ಕಪಕ್ಕ ಇಡಿ. ಹೊಂದದೆ ಇದ್ದರೆ ಗೀಟು ಹಾಕಿ. ಹೆದರಬೇಡಿ. ಅರ್ಥ ಆಗದೆ ಇದ್ದರೆ ತಪ್ಪು ನಿಮ್ಮದಲ್ಲ, ಹೊಲಿದವರದ್ದು." (ಹೊಲಿದವನು ಬಾಗಿಲಲ್ಲಿ ನಿಂತಿದ್ದ. ಯಾರೂ ಗಮನಿಸಲಿಲ್ಲ.)

ಅಂದು ನರ್ಸಕ್ಕ ಒಂದು ಪುಟದ ಮೇಲೆ ಬೆರಳಿಟ್ಟು ಕುಳಿತವಳು ಏಳಲೇ ಇಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಗಾಯಕ್ಕೆ ಕಟ್ಟುವ ಪಟ್ಟಿಗೆಂದು ಇಟ್ಟ ಹಣ. ದೊಡ್ಡ ದೊಡ್ಡ ಅಂಕಿಗಳ ನಡುವೆ ಅದು ಮೂಲೆಯಲ್ಲಿ ಸಣ್ಣಗೆ ಕೂತಿತ್ತು. "ಇಷ್ಟೇನಾ?" ಅಂದಳು. ಮತ್ತೆ ಯಾರಿಗೋ ಹೇಳುವಂತೆ, "ಹಾಗಾದ್ರೆ ನಾವು ಪಟ್ಟಿ ಒಗೆದು ಒಗೆದು ಕಟ್ಟೋದು ನಮ್ಮ ದೊಡ್ಡ ನರ್ಸಿನ ಜಿಪುಣತನ ಅಲ್ಲ. ಇಪ್ಪತ್ತು ವರ್ಷ ಸುಮ್ಮನೆ ಅವರನ್ನ ಬೈದೆ." ಆ ಸಾಲು ನಾನು ಎಷ್ಟೋ ವರ್ಷ ನಕಲು ಮಾಡಿದ ಸಾಲು. ಅದರ ಹಿಂದೆ ಒಗೆದ ಪಟ್ಟಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಸೈಕಲ್ಲು ಒರೆಸೋಣವೆಂದರೆ ಅದರ ಮೇಲೂ ಯಾರೋ ಕೂತು ಓದುತ್ತಿದ್ದರು.

ಐದನೆಯ ಭಾನುವಾರದ ಹೊತ್ತಿಗೆ ನಮ್ಮ ಸಾಲಿನಲ್ಲಿ ಜನ ಒಬ್ಬರನ್ನೊಬ್ಬರು ಕಂಡರೆ ಊಟ ಆಯಿತೇ ಎಂದು ಕೇಳುವುದನ್ನು ಬಿಟ್ಟು "ಎಷ್ಟನೇ ಪುಟ?" ಎನ್ನತೊಡಗಿದ್ದರು. ನಾನು ಕಚೇರಿಗೆ ವರದಿ ಕಳಿಸಿದೆ: ನನ್ನ ಸರಳ ಸುಂದರ ವಿವರಣೆಯಿಂದ ಅಭೂತಪೂರ್ವ ಜಾಗೃತಿ. ಇನ್ನೊಬ್ಬರ ಹೊಲಿಗೆಗೆ ನನ್ನ ಗುಂಡಿ.

ಶುಕ್ರವಾರ ಮಧ್ಯಾಹ್ನ, ಮೇಲಧಿಕಾರಿ ಬರಲು ಎರಡೇ ದಿನವಿತ್ತು, ಅವಳು ಕಿಟಕಿಯ ಬಳಿಯಿಂದ ಕರೆದಳು.

"ರೀ, ನಾವು ಎಲ್ಲಿದ್ದೀವಿ?"

"ಮನೇಲಿ."

"ಯಾವ ಮನೇಲಿ?"

"ಏನಾಯ್ತೇ ನಿನಗೆ? ಹದಿನೇಳನೇ ನಂಬರಲ್ಲಿ."

"ಅದು ಬಿದ್ದು ಹನ್ನೊಂದು ವರ್ಷ ಆಯ್ತಂತೆ" ಅಂದಳು.

ಮೂರನೆಯ ಸಂಪುಟ, ನಮ್ಮ ವಸತಿಯ ಕಟ್ಟಡಗಳ ಪಟ್ಟಿ. 'ಮನೆ ಸಂಖ್ಯೆ ಹದಿನೇಳು: ಕೆಡವಲಾಗಿದೆ.' ಅವಳ ಇನ್ನೊಂದು ಕೈಯಲ್ಲಿ ಮೊದಲನೆಯ ಸಂಪುಟ, ಬಾಡಿಗೆಯಿಂದ ಬಂದ ವರಮಾನದ ಪುಟ. 'ಮನೆ ಸಂಖ್ಯೆ ಹದಿನೇಳು: ಹನ್ನೆರಡು ತಿಂಗಳು, ಪೂರ್ತಿ ಸಂದಾಯ.' ತಿಂಗಳು ತಿಂಗಳು ನನ್ನ ಸಂಬಳದಿಂದಲೇ ಹಿಡಿದದ್ದು. ಒಂದು ಪುಟದಲ್ಲಿ ಮನೆ ನೆಲಸಮ, ಇನ್ನೊಂದು ಪುಟದಲ್ಲಿ ಅದೇ ಮನೆಗೆ ಬಾಡಿಗೆ!

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಯಾವನೇ ಅವನು, ಇಂಥ ಕತ್ತೆ ಕೆಲಸ ಮಾಡಿದವನು?"

"ಪಕ್ಕದಲ್ಲಿ ಆದೇಶದ ಸಂಖ್ಯೆ ಇದೆ. ಬರೆದವರ ಗುರುತಿನ ಸಂಖ್ಯೆಯೂ ಇದೆ" ಅಂದಳು. "ನಿಮ್ಮ ಅಂಗಿ ಜೇಬಿನ ಬಿಲ್ಲೆ ಮೇಲೆ ಇರೋದೇ."

ಬಿಲ್ಲೆ ತಿರುಗಿಸಿ ಅಂಕಿ ಹೋಲಿಸಿ ನೋಡಿದೆ. ನೆನಪಾಯಿತು. ಹನ್ನೊಂದು ವರ್ಷದ ಹಿಂದೆ ಅಡಿಗೆಮನೆಯ ಛಾವಣಿ ಸೋರುತ್ತಿತ್ತು. ಒಲೆಯ ಮುಂದೆ ಇವಳು ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದಳು. ಆಗ ನಾನು ಕಟ್ಟಡಗಳ ವಿಭಾಗದಲ್ಲಿದ್ದೆ. ಸರಕಾರದಲ್ಲಿ ಒಂದೊಂದು ಖರ್ಚಿಗೂ ಒಂದೊಂದು ತಲೆಬರಹ ಇರುತ್ತದೆ. ಒಂದರ ಹಣ ಇನ್ನೊಂದಕ್ಕೆ ದಾಟುವಂತಿಲ್ಲ. 'ರಿಪೇರಿ' ಎಂಬ ತಲೆಬರಹದ ಕೆಳಗೆ ಹಣ ಮುಗಿದಿತ್ತು. 'ಕೆಡವುವಿಕೆ' ಎಂಬುದರ ಕೆಳಗೆ ಬೇಕಾದಷ್ಟಿತ್ತು, ಆ ವರ್ಷ ಯಾವ ಮನೆಯೂ ಬಿದ್ದಿರಲಿಲ್ಲ. ಲೆಕ್ಕದ ವರ್ಷದ ಕೊನೆಯ ವಾರ. ನಾಲ್ಕು ದಿನ ಕಳೆದರೆ ಆ ಹಣವೂ ಹೋಗುತ್ತಿತ್ತು. ನನ್ನ ಬುದ್ಧಿ ಮಿಂಚಿತು. ಮನೆಯ ಒಂದು ಭಾಗ ಕೆಡವಲು ನಿಯಮವಿರಲಿಲ್ಲ, ಹಾಗಾಗಿ ಇಡೀ ಮನೆಯನ್ನೇ ಕಾಗದದಲ್ಲಿ ಕೆಡವಿ, ಆ ಹಣದಲ್ಲಿ ಛಾವಣಿ ಹಾಕಿಸಿದೆ. ಮುಂದಿನ ವರ್ಷ ಎತ್ತಿ ನಿಲ್ಲಿಸಿದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಬೇರೆ ವಿಭಾಗಕ್ಕೆ ಹಾಕಿದರು. ಮರೆತೆ.

"ಅವತ್ತು ಎದೆ ಉಬ್ಬಿಸಿಕೊಂಡು ಬಂದು ಏನಂದಿರಿ ನೆನಪಿದೆಯಾ?" ಅಂದಳು. "'ನೋಡು, ತಲೆ ಅಂದ್ರೆ ಇದು' ಅಂದಿರಿ."

"ಈಗ ಏನು ಮಾಡೋಣ?" ಅಂದೆ.

"ಇದು ಹೊರಗೆ ಬಿದ್ದರೆ?"

"ಇಲ್ಲದ ಮನೇಲಿ ಇರೋ ಹಾಗಿಲ್ಲ. ಬಿಡಬೇಕಾಗುತ್ತೆ."

ಅವಳು ಕಿಟಕಿಯನ್ನು ನೋಡಿದಳು. ಹೊರಗೆ ಯಾರೋ ಒಂದು ಪ್ಯಾಂಟನ್ನು ಸರಳಿಗೆ ಸಿಕ್ಕಿಸಿ ಹೋಗಿದ್ದರು.

"ಐದು ವಾರ ಕಂಡವರಿಗೆಲ್ಲ ಕೇಳಿ ಕೇಳಿ ಅಂದೆ. ಈಗ ನಾನೇ ಬಾಯಿ ಮುಚ್ಚಿಕೊಳ್ಳಲಾ?"

"ಎರಡೇ ವರ್ಷ ಕಣೇ. ಇಪ್ಪತ್ತನಾಲ್ಕು ತಿಂಗಳು ಬೆಳಕು."

ಅವಳು ಒದ್ದೆ ಬಟ್ಟೆಯಲ್ಲಿ ತಾನು ಹಾಕಿದ ಗೀಟನ್ನು ಒರೆಸಿದಳು. ಕಾಗದದ ಮೇಲೆ ಮಸುಕು ನೀಲಿ ಉಳಿದೇ ಉಳಿಯಿತು, ಬೆರಳಿಗೂ ಹತ್ತಿತು. "ಆಯ್ತು. ಪಟ್ಟಿಯಲ್ಲಿರೋ ಪ್ರಶ್ನೆ ಕೇಳ್ತೀನಿ." ಅಂದು ಸಂಜೆ ಅವಳು ಹೊಲಿದ ಪ್ಯಾಂಟಿನ ಜೇಬಿನ ಬಾಯಿಯೇ ಮುಚ್ಚಿಹೋಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅಂಥ ತಪ್ಪು ಅವಳ ಕೈಯಿಂದ ಆದದ್ದು ಅದೊಂದೇ.

ಆರನೆಯ ಭಾನುವಾರ ಬೆಳಿಗ್ಗೆ ಸಭಾಂಗಣ ತುಂಬಿ ಕಿಟಕಿಗಳಲ್ಲಿ ಜನ. ಮೇಲಧಿಕಾರಿ ಬಂದರು. ಒಳ್ಳೆಯ ಮನುಷ್ಯ, ನಗುಮುಖ, ಇಸ್ತ್ರಿ ಮುರಿಯದ ಅಂಗಿ. ನಮ್ಮಾಕೆ ಎದ್ದು ನಾಲ್ಕನೇ ನಂಬರಿನ ಸ್ವಯಂಪ್ರೇರಿತ ಪ್ರಶ್ನೆ ಕೇಳಿದಳು: "ಸರಕಾರ ಸಾಲ ಮಾಡುವುದು ತಪ್ಪೇ?" ಅವರು "ಎಷ್ಟು ಚೆನ್ನಾಗಿ ಕೇಳಿದಿರಿ ತಾಯಿ" ಎಂದು ಅಚ್ಚಾಗಿದ್ದ ಉತ್ತರವನ್ನು ಓದಿದರು. ಚಪ್ಪಾಳೆ. ಎಲ್ಲ ಸುಸೂತ್ರ. ನನ್ನ ಜೀವ ಇನ್ನೇನು ಜಾಗಕ್ಕೆ ಬರಬೇಕು, ಅಷ್ಟರಲ್ಲಿ ಅವರು ಉತ್ಸಾಹದಿಂದ, "ಇನ್ನು ಯಾರಾದರೂ? ಈ ಪುಸ್ತಕದಲ್ಲಿ ಮುಚ್ಚುಮರೆ ಇಲ್ಲ, ಏನು ಬೇಕಾದರೂ ಕೇಳಿ" ಅಂದುಬಿಟ್ಟರು.

ಅಂಚೆಯಣ್ಣ ಎದ್ದ. ಕೈಯಲ್ಲಿ, ಬೆಳಿಗ್ಗೆಯೇ ಸಭಾಂಗಣದ ಮೇಜಿನಿಂದ ಎತ್ತಿಕೊಂಡಿದ್ದ ಎರಡು ಸಂಪುಟ.

"ಸಾರ್, ನನ್ನದು ಮನೆ ನಂಬರಿನ ಕೆಲಸ. ಅದಕ್ಕೆ ನಂಬರು ಇರೋ ಪುಟ ನೋಡಿದೆ. ಹದಿನೇಳನೇ ಮನೆ ಬಿದ್ದುಹೋಗಿದೆ ಅಂತ ಇದರಲ್ಲಿದೆ. ಹದಿನೇಳನೇ ಮನೆ ಬಾಡಿಗೆ ಬಂದಿದೆ ಅಂತ ಇದರಲ್ಲಿದೆ. ಹನ್ನೊಂದು ವರ್ಷದಿಂದ ನಾನು ಬಿದ್ದ ಮನೆಗೆ ಕಾಗದ ಹಾಕ್ತಾ ಇದ್ದೀನಾ ಸಾರ್?"

ಸಭೆ ಘೊಳ್ಳೆಂದು ನಕ್ಕಿತು. ಇದರಿಂದ ಆ ಮನೆಯವರಿಗೆ ಏನಾಗುತ್ತದೆ ಎಂದು ಅವನು ಯೋಚಿಸಿಯೂ ಇರಲಿಲ್ಲ; ಹೊಂದದ್ದನ್ನು ಕಂಡುಹಿಡಿದ ಖುಷಿಯಷ್ಟೇ. "ಹೊಲಿಗೆಯಕ್ಕ ಹೇಳಿಕೊಟ್ಟ ಹಾಗೆ ಪಕ್ಕಪಕ್ಕ ಇಟ್ಟು ನೋಡಿದೆ" ಎಂದು ಬೇರೆ ಸೇರಿಸಿದ. ಹೊಲಿಗೆಯಕ್ಕ ತನ್ನ ಬೆರಳಿನ ನೀಲಿಯನ್ನು ನೋಡುತ್ತಿದ್ದಳು.

ಮೇಲಧಿಕಾರಿಯ ನಗು ಹಾಗೇ ಇತ್ತು, ಕಣ್ಣು ಮಾತ್ರ ನನ್ನ ಕಡೆ ಬಂತು. "ಅಚ್ಚಿನ ದೋಷ ಇರಬೇಕು. ಅಲ್ಲವೇ?"

ಹೂಂ ಅಂದರೆ ಮುಗಿಯುತ್ತಿತ್ತು ನೋಡಿ. ಒಂದು ಅಕ್ಷರ. ಇಪ್ಪತ್ತನಾಲ್ಕು ತಿಂಗಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಅಂಚೆಯಣ್ಣನ ಕಡೆ ತಿರುಗಿ ಬಹಳ ಮೃದುವಾಗಿ ಹೇಳಿದರು: "ಕೂತ್ಕೊಳ್ಳಪ್ಪ. ಇದೆಲ್ಲ ತಾಂತ್ರಿಕ ವಿಷಯ, ನಿಮಗೆ ಅರ್ಥ ಆಗೋದಲ್ಲ."

ಅಂಚೆಯಣ್ಣ ಕೂತ. ಕೂತು, ತಾನು ಹಾಕಿದ್ದ ನೀಲಿ ಗೀಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ಅಳಿಸತೊಡಗಿದ. ತಪ್ಪು ಮಾಡಿದ ಮಗುವಿನ ಹಾಗೆ.

ಯಾರು ನನ್ನನ್ನು ಎಬ್ಬಿಸಿದರೋ ಗೊತ್ತಿಲ್ಲ. ನಮ್ಮಾಕೆಯಂತೂ ಅಲ್ಲ, ಅವಳು ತಲೆಯೆತ್ತಿರಲಿಲ್ಲ. "ಅವರಿಗೆ ಅರ್ಥ ಆಗಿದೆ ಸಾರ್" ಅಂದೆ. "ಅಚ್ಚಿನ ದೋಷ ಅಲ್ಲ. ಕೆಡವಿದವನು ನಾನು. ಅದು ನನ್ನ ಮನೆ." ಛಾವಣಿಯ ಕಥೆಯೆಲ್ಲ ಹೇಳಿದೆ. ಆರು ವಾರದಲ್ಲಿ ನಾನು ಮಾಡಿದ ಉಪನ್ಯಾಸಗಳಲ್ಲಿ ಎಲ್ಲರಿಗೂ ಪೂರ್ತಿ ಅರ್ಥವಾದದ್ದು ಅದೊಂದೇ. ಸೌಟು, ಕೊಡೆಯ ಜಾಗಕ್ಕೆ ಬಂದಾಗ ನರ್ಸಕ್ಕ ಬಿದ್ದು ಬಿದ್ದು ನಕ್ಕಳು. ಮುಗಿಯುವ ಹೊತ್ತಿಗೆ ಅವಳ ನಗು ನಿಂತಿತ್ತು, ಯಾಕೆಂದರೆ ನಮ್ಮಾಕೆ ಎದ್ದು ಹೊರಗೆ ಹೋಗಿದ್ದಳು.

ಮನೆಗೆ ಹೋದಾಗ ಅವಳು ಯಂತ್ರದ ಮುಂದೆ ಕೂತು, ಬಾಯಿ ಮುಚ್ಚಿಹೋಗಿದ್ದ ಆ ಜೇಬಿನ ಹೊಲಿಗೆ ಬಿಚ್ಚುತ್ತಿದ್ದಳು.

"ಬೈದುಬಿಡು" ಅಂದೆ.

"ಬೈಯೋಷ್ಟು ಹೊಟ್ಟೆ ಉರೀತಾ ಇದೆ" ಅಂದಳು. "ಆದರೆ ಏನೂ ಹೇಳದೆ ಕೂತಿದ್ದಿದ್ದರೆ ಇನ್ನೂ ಬೈತಿದ್ದೆ. ಬೆಳಕಿಗೆ ಅಡ್ಡ ನಿಂತಿದ್ದೀರಿ, ಸರೀರಿ."

ಎರಡು ತಿಂಗಳ ನಂತರ ಅಂಚೆಯಣ್ಣ ಎರಡು ಸರಕಾರಿ ಲಕೋಟೆ ತಂದ. ಎರಡರ ಮೇಲೂ 'ಮನೆ ಸಂಖ್ಯೆ ಹದಿನೇಳು' ಎಂದೇ ವಿಳಾಸ. "ಕೊಡಬೇಕಾ, ಇಂಥ ಮನೆ ಇಲ್ಲ ಅಂತ ವಾಪಸು ಕಳಿಸಲಾ?" ಎಂದು ಕೇಳಿದ. ಅವನ ಮುಖ ಬಾಡಿತ್ತು. ಎಲ್ಲ ತನ್ನಿಂದಲೇ ಆಯಿತೆಂದು ಕೊರಗುತ್ತಿದ್ದ. "ಕೊಡಣ್ಣ, ನೀನು ಸರಿಯಾಗೇ ಹೊಂದಿಸಿದ್ದೀಯ" ಎಂದು ನಮ್ಮಾಕೆ ಸರಳಿನ ಸಂದಿಯಿಂದ ಕೈ ಚಾಚಿ ತೆಗೆದುಕೊಂಡಳು.

ಮೊದಲನೆಯದು ಪ್ರಶಸ್ತಿಪತ್ರ. ಸಾಮಾನ್ಯ ಪ್ರಜೆಗಳಿಗೆ ದೇಶದ ಲೆಕ್ಕ ಅರ್ಥಮಾಡಿಸುವುದರಲ್ಲಿ ನಮ್ಮ ವಸತಿ ಪ್ರಥಮ, ಕೀರ್ತಿ ನನ್ನದು. ಎರಡನೆಯದು ಆದೇಶ. ಹನ್ನೊಂದು ವರ್ಷದ ಪುಸ್ತಕಗಳನ್ನು ತಿದ್ದಬೇಕಾದರೆ ಸಂಸತ್ತಿನ ಒಪ್ಪಿಗೆ ಬೇಕಾಗುವುದರಿಂದಲೂ, ಮನೆ ಖಾಲಿ ಮಾಡಿಸುವುದಕ್ಕೆ ಒಬ್ಬ ಗುಮಾಸ್ತನ ಸಹಿ ಸಾಕಾಗುವುದರಿಂದಲೂ, 'ಅಸ್ತಿತ್ವದಲ್ಲಿಲ್ಲದ ಕಟ್ಟಡದಲ್ಲಿ ವಾಸಿಸುತ್ತಿರುವ ಸದರಿ ನೌಕರನು ಮೂವತ್ತು ದಿನಗಳೊಳಗೆ ಅದನ್ನು ತೆರವು ಮಾಡತಕ್ಕದ್ದು.' ಛಾವಣಿಯ ಖರ್ಚು ನನ್ನ ಸಂಬಳದಿಂದ ವಸೂಲಿ. ಕೊಟ್ಟ ಬಾಡಿಗೆ ವಾಪಸಿಲ್ಲ. ಇಲ್ಲದ ಮನೆಗೆ ಬಾಡಿಗೆ ಎಲ್ಲಿಂದ ಬರಬೇಕು? ಹಾಗಾದರೆ ಮನೆಯನ್ನು ನಿಜವಾಗಿ ಕೆಡವುತ್ತಾರೆಯೇ ಎಂದರೆ ಅದೂ ಇಲ್ಲ. ಒಂದೇ ಮನೆಯನ್ನು ಎರಡು ಸಲ ಕೆಡವಲು ನಿಯಮದಲ್ಲಿ ಅವಕಾಶವಿಲ್ಲ.

ಹೊಸ ಬಾಡಿಗೆ ಮನೆ ಮೂರನೆಯ ಮಹಡಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ನಮ್ಮಾಕೆ ಅದನ್ನು ನೋಡಿ, "ಕಪ್ಪು ಬಟ್ಟೆ ತಗೊಳ್ಳಲ್ಲ, ಅಷ್ಟೇ" ಅಂದಳು.

ಹೊರಡುವ ದಿನ ಸಾಲಿನ ಜನವೆಲ್ಲ ಬಂದು ಸಾಮಾನು ಗಾಡಿಗೆ ಏರಿಸಿದರು. ಯಂತ್ರವನ್ನು ಅಂಚೆಯಣ್ಣನೇ ಹೊತ್ತ, ಯಾರಿಗೂ ಕೊಡಲಿಲ್ಲ. ಮೂರೂ ಸಂಪುಟ ನರ್ಸಕ್ಕನ ಮನೆಗೆ ಹೋದವು. ಭಾನುವಾರದ ಓದು ಇನ್ನು ಅವಳ ಅಂಗಳದಲ್ಲಂತೆ. "ಮೊದಲು ಆ ಗಾಯದ ಪಟ್ಟಿ ವಿಷಯ ಬರೆದು ಕೇಳ್ತೀವಿ" ಅಂದಳು. ಪ್ರಶಸ್ತಿಪತ್ರವನ್ನು ನಮ್ಮಾಕೆ ಲೋಟಗಳ ನಡುವೆ ಒಡೆಯದ ಹಾಗೆ ಸಿಕ್ಕಿಸಿದ್ದಳು.

ನಾನು ಬೀಗದ ಕೈ ಒಪ್ಪಿಸಲು ವಸತಿ ಕಚೇರಿಗೆ ಹೋದೆ. ಗುಮಾಸ್ತ ವಹಿ ತಿರುವಿ, "ಹದಿನಾರು ಇದೆ, ಹದಿನೆಂಟು ಇದೆ. ಹದಿನೇಳು ಇಲ್ಲ. ಇಲ್ಲದ ಮನೆ ಬೀಗದ ಕೈ ನಾನು ಹೇಗೆ ತಗೊಳ್ಳಲಿ ಸಾರ್? ನಾಳೆ ಲೆಕ್ಕದವರು ನನ್ನನ್ನೇ ಕೇಳ್ತಾರೆ" ಅಂದ. ನಾನೇ ಲೆಕ್ಕದವನು. ವಾಪಸು ಬಂದೆ. ಖಾಲಿ ಮನೆಯೊಳಗೆ ಒಂದು ಸುತ್ತು ಹಾಕಿದೆ. ಅಡಿಗೆಮನೆಯ ಛಾವಣಿ ನೋಡಿದೆ. ಹನ್ನೊಂದು ವರ್ಷದಲ್ಲಿ ಒಂದು ಹನಿ ಸೋರಿರಲಿಲ್ಲ. ಯಂತ್ರವಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು, ಅದರ ಮೇಲೆ ಯಥಾಪ್ರಕಾರ 'ನಮ್ಮ' ಬೆಳಕು. ಕಿಟಕಿಯ ಎದುರು ಗೋಡೆಯ ಮೊಳೆಗೆ ಬೀಗದ ಕೈಯ ಗೊಂಚಲು ತೂಗುಹಾಕಿ, ಹೊರಗೆ ಬಂದು ಬಾಗಿಲೆಳೆದೆ. ಎಳೆದರೆ ತಾನೇ ಹಾಕಿಕೊಳ್ಳುವ ಬಾಗಿಲು. ಟಕ್.

ಆ ಟಕ್ ಕೇಳಿದ ಮೇಲೆ ನೆನಪಾಯಿತು. ಸೈಕಲ್ಲಿನ ಬೀಗದ ಕೈಯೂ ಅದೇ ಗೊಂಚಲಲ್ಲಿತ್ತು.

ನಾನು ಅಂಗಳದಲ್ಲಿ ಸೈಕಲ್ಲನ್ನೂ ಬಾಗಿಲನ್ನೂ ನೋಡುತ್ತ ನಿಂತದ್ದನ್ನು ಕಂಡು ನಮ್ಮಾಕೆ ಗಾಡಿಯಿಂದ ಇಳಿದು ಬಂದಳು. ಕೇಳಲೂ ಇಲ್ಲ, ಕಿಟಕಿಯಲ್ಲಿ ಇಣುಕಿ ನೋಡಿದಳು, ಅರ್ಥವಾಯಿತು. ಗಾಡಿಯಲ್ಲಿದ್ದ ತನ್ನ ಅಳತೆಕೋಲು ತಂದು, ಸರಳಿನ ಸಂದಿಯಲ್ಲಿ ಭುಜದವರೆಗೆ ತೋಳು ತೂರಿಸಿ, ಕೋಲನ್ನು ಮೊಳೆಯ ಕಡೆಗೆ ಚಾಚಿದಳು. ಅಂಗಳವೆಲ್ಲ ಉಸಿರು ಹಿಡಿದು ನೋಡಿತು. ಕೋಲಿನ ತುದಿಗೂ ಗೊಂಚಲಿಗೂ ನಡುವೆ ಒಂದು ಗೇಣು ಉಳಿಯಿತು. ತುದಿಗಾಲಲ್ಲಿ ನಿಂತಳು. ಅದೇ ಒಂದು ಗೇಣು.

ತೋಳು ಹೊರಗೆಳೆದುಕೊಂಡು ನನ್ನ ಕಡೆ ತಿರುಗಿದಳು. ತಿಂಗಳುಗಳಿಂದ ಕಾಣದ ನಗು ಅವಳ ಮುಖದಲ್ಲಿ.

"ಈಗ ಗೊತ್ತಾಯ್ತೇನ್ರೀ, ಕೊರತೆ ಅಂದ್ರೆ ಏನು ಅಂತ?"

"ಆಯ್ತು" ಅಂದೆ.

ಅವಳು ಹೋಗಿ ಗಾಡಿ ಹತ್ತಿದಳು. ನಾನು ಬೀಗ ಬಿದ್ದ ಹಿಂದಿನ ಚಕ್ರವನ್ನು ಎತ್ತಿ ಹಿಡಿದು, ಮುಂದಿನ ಚಕ್ರವೊಂದನ್ನೇ ಉರುಳಿಸುತ್ತ, ಫಳಫಳ ಹೊಳೆಯುವ ಸೈಕಲ್ಲಿನ ಜೊತೆ ಇಲ್ಲದ ಮನೆಯ ಅಂಗಳ ದಾಟಿ ಬೀದಿಗಿಳಿದೆ.